ಚಿರಾಪುಂಜಿಯ ಪಾಸ್ಟರ್ ಥಾಮಸ್ ಜೋನ್ಸ್: ಅಕ್ಷರ ಕೊಟ್ಟಿದ್ದು ದೊಡ್ಡದೋ, ಜಗಳಕ್ಕೆ ನಿಂತಿದ್ದು ದೊಡ್ಡದೋ?

ಗೊರಬೆ:

ಹೋದ ಮಳೆಗಾಲದಲ್ಲಿ ನಾವು ನಾಲ್ಕು ಜನ ಮೇಘಾಲಯಕ್ಕೆ ಹೋಗಿದ್ದೆವು. ನನ್ನದು ಆಗುಂಬೆ ಕಡೆಯ ಊರು. "ಮಳೆ ನೋಡೋಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕಾ? ಅಂಗಳಕ್ಕೆ ಇಳಿದರೆ ಸಾಲದಾ?" ಎಂದು ಅಮ್ಮ ಬೈದಿದ್ದರು. ಆದರೆ ಹುಟ್ಟಿದಾಗಿನಿಂದ 'ದಕ್ಷಿಣದ ಚಿರಾಪುಂಜಿ' ಎಂದು ಕೇಳಿಕೊಂಡು ಬೆಳೆದವನಿಗೆ ಅಸಲಿ ಚಿರಾಪುಂಜಿ ನೋಡುವ ಚಪಲ ಇರೋದಿಲ್ಲವಾ? ನಮ್ಮಲ್ಲಿ ವರ್ಷಕ್ಕೆ 7,500 ಮಿ.ಮೀ. ಆಸುಪಾಸು, ಅಲ್ಲಿ 11,000ಕ್ಕೂ ಜಾಸ್ತಿ. ಸೋತೆವು, ಒಪ್ಪಿಕೊಳ್ಳುತ್ತೇನೆ.

ಮೊದಲ ದಿನವೇ ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸರ ಬೆನ್ನ ಮೇಲೆ ಮಳೆಗೆ ಹೊದೆಯುವ ನಮ್ಮ ಗೊರಬೆ ಕಂಡಿತು. ಅವರು ಅದಕ್ಕೆ 'ಕ್ನುಪ್' ಎನ್ನುತ್ತಾರೆ. ಬಿದಿರು, ಎಲೆ, ಆಮೆಚಿಪ್ಪಿನ ಆಕಾರ. ಮನೆಗೆ ಹೋದರೆ ಮೊದಲು ಕೈಗೆ ಬರುವುದು ಅಡಿಕೆ, ವೀಳ್ಯದೆಲೆ, ಸುಣ್ಣ. ಅರ್ಧ ದಾರಿ ಊರಿಗೇ ವಾಪಸ್ ಬಂದ ಹಾಗಾಯಿತು.

ಸೊಹ್ರಾ (ಚಿರಾಪುಂಜಿಯ ಅಸಲಿ ಹೆಸರು ಅದು, ಈಗ ಅದನ್ನೇ ಬಳಸುತ್ತಾರೆ) ಹತ್ತಿರ ನೋಂಗ್‌ಸಾವ್ಲಿಯಾದ ಚರ್ಚ್ ಮುಂದೆ ನಮ್ಮ ಡ್ರೈವರ್ ಗಾಡಿ ನಿಲ್ಲಿಸಿ, "ನಮಗೆ ಓದುಬರಹ ಶುರುವಾದದ್ದು ಇಲ್ಲಿಂದ" ಎಂದ. ಥಾಮಸ್ ಜೋನ್ಸ್ ಎಂಬ ಹೆಸರು ನಾನು ಕೇಳಿದ್ದು ಆಗಲೇ. ಊರಿಗೆ ಬಂದು ಓದಿಕೊಂಡೆ. ಕಥೆ ನಾನು ಎಣಿಸಿದ ಹಾಗಿರಲಿಲ್ಲ.

1810ರಲ್ಲಿ ವೇಲ್ಸ್‌ನ ಮಾಂಟ್‌ಗಾಮರಿಶೈರ್‌ನಲ್ಲಿ ಹುಟ್ಟಿದ ಬಡಗಿಯ ಮಗ. ತಾನೂ ಅಪ್ಪನ ಕಸುಬು ಕಲಿತವನು. ಆಮೇಲೆ ಬಾಲಾ ಎಂಬ ಊರಿನಲ್ಲಿ ದೇವಶಾಸ್ತ್ರ ಓದಿದ. ಇಂಡಿಯಾಕ್ಕೆ ಹೋಗುತ್ತೇನೆ ಎಂದು ಲಂಡನ್ನಿನ ಮಿಷನ್ ಸಂಘವನ್ನು ಕೇಳಿದರೆ, ನಿನ್ನ ಆರೋಗ್ಯಕ್ಕೆ ಆ ಹವೆ ಆಗುವುದಿಲ್ಲ, ಬೇಕಾದರೆ ದಕ್ಷಿಣ ಆಫ್ರಿಕಾಕ್ಕೆ ಹೋಗು ಎಂದರು. ಇವನು ಕೇಳಲಿಲ್ಲ. ಅವನ ಹಟವೂ ಒಂದು ಕಾರಣವಾಗಿ ವೇಲ್ಸ್‌ನವರು 1840ರಲ್ಲಿ ಲಿವರ್‌ಪೂಲ್‌ನಲ್ಲಿ ತಮ್ಮದೇ ಮಿಷನ್ ಸಂಘ ಕಟ್ಟಿದರು. ಅದೇ ವರ್ಷ ನವೆಂಬರ್ 25ಕ್ಕೆ ಹೆಂಡತಿ ಆನ್ ಜೊತೆ ಹಡಗು ಹತ್ತಿದ. ಕಲ್ಕತ್ತೆಗೆ ಬಂದಿದ್ದು ಮುಂದಿನ ಏಪ್ರಿಲ್‌ನಲ್ಲಿ. ಸೊಹ್ರಾ ಮುಟ್ಟಿದ್ದು 1841ರ ಜೂನ್ 22ಕ್ಕೆ. ಜೂನ್ 22! ಹವೆ ಆಗುವುದಿಲ್ಲ ಎಂದು ಬೇಡವೆನಿಸಿಕೊಂಡ ಮನುಷ್ಯ ಲೋಕದಲ್ಲೇ ಅತಿ ಜಾಸ್ತಿ ಮಳೆ ಸುರಿಯುವ ಜಾಗಗಳಲ್ಲಿ ಒಂದಕ್ಕೆ ನಡು ಮಳೆಗಾಲದಲ್ಲಿ ಹೋಗಿ ಇಳಿದ.

ಎಂಟೇ ವರ್ಷ. ಅಷ್ಟರಲ್ಲಿ ಅಲ್ಲಿನ ಖಾಸಿ ಜನರ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಕ್ರಮ ಹಾಕಿದ. 1842ರಲ್ಲಿ ಮೊದಲ ಓದುಪುಸ್ತಕ ಅಚ್ಚಾಯಿತು. ಸೊಹ್ರಾ, ಮಾವ್ಸ್‌ಮಾಯ್, ಮಾವ್ಮ್ಲುಹ್‌ನಲ್ಲಿ ಶಾಲೆ ತೆರೆದ. ಮರಗೆಲಸ ಕಲಿಸಿದ. ಸುಣ್ಣದ ಕಲ್ಲನ್ನು ಸೌದೆ ಬದಲು ಅಲ್ಲೇ ಸಿಗುವ ಕಲ್ಲಿದ್ದಲಿನಲ್ಲಿ ಸುಡುವುದನ್ನು ಹೇಳಿಕೊಟ್ಟ. 1845ರಲ್ಲಿ ಆನ್ ಬಾಣಂತನದಲ್ಲಿ ತೀರಿಕೊಂಡರು. ಅವನು ಮತ್ತೆ ಮದುವೆಯಾದ, ಇನ್ನೂ ಹದಿಹರೆಯದ ಹುಡುಗಿಯನ್ನು. ಅದೂ ವಿವಾದ, ಹೊಲ ವ್ಯಾಪಾರ ಎಂದು ಓಡಾಡಿದ್ದೂ ವಿವಾದ. 1847ರಲ್ಲಿ ಮಿಷನ್ ಅವನನ್ನು ಕೈಬಿಟ್ಟಿತು.

ಅಲ್ಲಿಗೆ ಸುಮ್ನೆ ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಪೋಮ್ರೆಂಗ್‌ನಲ್ಲಿ ಬೇಸಾಯಕ್ಕೆ ನಿಂತ. ಆಗ ಆ ಗುಡ್ಡಗಳಲ್ಲಿ ಸುಣ್ಣದ ಕಲ್ಲು, ಕಿತ್ತಳೆ ವ್ಯಾಪಾರವೆಲ್ಲ ಹ್ಯಾರಿ ಇಂಗ್ಲಿಸ್ ಎಂಬವನ ಮುಷ್ಟಿಯಲ್ಲಿತ್ತು. ಅಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಲಿಸ್ಟರ್ ಈ ಇಂಗ್ಲಿಸ್‌ನ ಮಾವ. ದೂರು ಕೇಳುವವನೂ ಮಾವನೇ, ದೂರು ಯಾರ ಮೇಲೋ ಅವನು ಅಳಿಯ. ಜೋನ್ಸ್ ಖಾಸಿಗಳ ಪರ ದೂರು ಬರೆದ. ಕೊನೆಗೆ ಅವನೇ ತಲೆ ತಪ್ಪಿಸಿಕೊಂಡು ಕಾಡು ಹೊಕ್ಕಬೇಕಾಯಿತು. ಮಲೇರಿಯ ಹಿಡಿದು 1849ರ ಸೆಪ್ಟೆಂಬರ್ 16ಕ್ಕೆ ಕಲ್ಕತ್ತೆಯಲ್ಲಿ ಸತ್ತ. ವಯಸ್ಸು 39.

ನನ್ನ ತಕರಾರು ಇಷ್ಟೇ. ಎಲ್ಲರೂ ಅವನನ್ನು 'ಅಕ್ಷರದ ಪಿತಾಮಹ' ಎಂದು ಹೊಗಳಿ ಮುಗಿಸುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಕೊನೆಯ ಎರಡು ವರ್ಷ. ಸಂಬಳ ಇಲ್ಲ, ಸಂಘದ ಬೆಂಬಲ ಇಲ್ಲ, ಮರ್ಯಾದೆಯೂ ಹೋಗಿದೆ. ಆಗ ಮಾಡಿದ್ದನ್ನಲ್ಲವಾ ಸೇವೆ ಎನ್ನಬೇಕಾದ್ದು? ನೀವೇನು ಹೇಳುತ್ತೀರಿ?

ಬಲ್ಮಠದ ಹುಡುಗಿ:

ಚೆನ್ನಾಗಿ ಬರೆದಿದ್ದೀರಿ ಸರ್. ಒಂದು ಚಿಕ್ಕ ವಿಷಯ, ಪಾಸ್ಟರನ್ನು 'ಅವನು ಇವನು' ಎಂದರೆ ನನಗೆ ಯಾಕೋ ಕಿವಿಗೆ ಚುಚ್ಚುತ್ತದೆ. ನಮ್ಮ ಸಭೆಯಲ್ಲಿ ಬೆಳೆದವರ ಅಭ್ಯಾಸ, ತಪ್ಪು ತಿಳಿಯಬೇಡಿ.

ನಮ್ಮದು ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್ ಮೂಲದ ಸಭೆ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಜೋನ್ಸ್ ಅವರ ಪಂಗಡಕ್ಕೆ ಆಗ ಕ್ಯಾಲ್ವಿನಿಸ್ಟಿಕ್ ಮೆಥಡಿಸ್ಟ್ ಎಂದು ಹೆಸರಿತ್ತು. ಮುಂದೆ ಅದೇ ವೇಲ್ಸ್‌ನ ಪ್ರೆಸ್ಬಿಟೇರಿಯನ್ ಚರ್ಚ್ ಆಯಿತು. ಮೆಥಡಿಸ್ಟ್ ಎಂಬ ಪದ ನೋಡಿ ಯಾರೂ ಗೊಂದಲ ಮಾಡಿಕೊಳ್ಳಬೇಡಿ. ಪ್ರೆಸ್ಬಿಟೇರಿಯನ್ ಎನ್ನುವುದು ಗ್ರೀಕಿನ 'ಹಿರಿಯ' ಎಂಬ ಪದದಿಂದ ಬಂದದ್ದು. ಬಿಷಪ್ ಇಲ್ಲ. ಸಭೆಯವರು ಆರಿಸಿದ ಹಿರಿಯರು ಮತ್ತು ಪಾಸ್ಟರ್ ಕೂತು ತೀರ್ಮಾನ ಮಾಡುತ್ತಾರೆ. ಅದರ ಮೇಲೆ ಹಲವು ಸಭೆಗಳಿಗೆ ಸೇರಿದ ಪ್ರೆಸ್ಬಿಟರಿ, ಅದರ ಮೇಲೆ ಸಿನೊಡ್ ಎಂಬ ದೊಡ್ಡ ಮಂಡಳಿ. ಪಾಸ್ಟರ್ ಒಬ್ಬರೇ ಯಜಮಾನ ಅಲ್ಲ. ಬೆಂಗಳೂರಿನವರು ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚ್ ನೋಡಿರಬಹುದು. 1866ರದ್ದು, ಸ್ಕಾಟ್‌ಲೆಂಡ್‌ನ ಪ್ರೆಸ್ಬಿಟೇರಿಯನ್ನರು ಕಟ್ಟಿಸಿದ್ದು.

ಖಾಸಿಗಳಿಗೆ ಈ ಕ್ರಮ ಹೊಸದಾಗಿ ಕಾಣಿಸಿರಲಿಕ್ಕಿಲ್ಲ. ಅವರ ಹಳ್ಳಿಗಳಲ್ಲಿ ಹಿರಿಯರು ಕೂತು ನ್ಯಾಯ ಮಾಡುವ 'ದೊರ್ಬಾರ್' ಮೊದಲಿನಿಂದ ಇತ್ತು. (ಅದರಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ ಎನ್ನುವುದು ಬೇರೆ ಮಾತು. ಆಸ್ತಿ ಕಿರಿಮಗಳಿಗೆ, ಮಾತು ಗಂಡಸರಿಗೆ. ನಮ್ಮ ಅಳಿಯಕಟ್ಟು ಮನೆಗಳಲ್ಲೂ ಯಜಮಾನಿಕೆ ಮಾವನದ್ದೇ ಇತ್ತಲ್ಲ.)

ಗೊರಬೆ:

ಆಯಿತು ತಂಗಿ, ಇನ್ನು ಮುಂದೆ ಬಹುವಚನ. ನಮ್ಮ ಕಡೆ ಇತಿಹಾಸದಲ್ಲಿ ಸತ್ತವರೆಲ್ಲ ಏಕವಚನ, ಕೃಷ್ಣದೇವರಾಯನೂ ಬಂದ, ಟಿಪ್ಪುವೂ ಬಂದ. ಅದೇ ಚಾಳಿ.

ಕಾಫಿಹೂ:

ಹೊಗಳಿಕೆ ಸ್ವಲ್ಪ ಜಾಸ್ತಿ ಆಯಿತು. ಮಿಷನರಿ ಬಂದಿದ್ದು ಯಾಕೆ? ಮತ ಹರಡಲು. ಅಕ್ಷರ, ಶಾಲೆ, ಸುಣ್ಣದ ಗೂಡು ಎಲ್ಲ ಅದಕ್ಕೆ ದಾರಿ. ಕಾಲವನ್ನೂ ನೋಡಿ. ಖಾಸಿ ಮುಖಂಡ ತಿರೋತ್ ಸಿಂಗ್ 1829ರಲ್ಲಿ ಕಂಪನಿ ವಿರುದ್ಧ ಎದ್ದ, ಹಿಡಿದು ಢಾಕಾದಲ್ಲಿ ಸೆರೆ ಇಟ್ಟರು, 1835ರಲ್ಲಿ ಅಲ್ಲೇ ಸತ್ತ. ಆರೇ ವರ್ಷಕ್ಕೆ ಪಾದ್ರಿ ಬಂದರು. ನಮ್ಮಲ್ಲೂ ಅವೇ ವರ್ಷಗಳು. 1831ರಲ್ಲಿ ರಾಯಣ್ಣನಿಗೆ ಗಲ್ಲು, 1834ರಲ್ಲಿ ಕೊಡಗು ಹೋಯಿತು, ಅದೇ 1834ರಲ್ಲಿ ಬಾಸೆಲ್‌ನವರು ಮಂಗಳೂರಿಗೆ ಇಳಿದರು. ಮೊದಲು ಕೋವಿ, ಹಿಂದೆ ಪುಸ್ತಕ. ಇದನ್ನು ಬಿಟ್ಟು ಜೋನ್ಸ್ ಕಥೆ ಹೇಳಬಾರದು.

ಇನ್ನೊಂದು, ಲಿಪಿ ಅವರೊಬ್ಬರೇ ಮಾಡಿದ್ದಾ? ಅವರಿಗೆ ಖಾಸಿ ಕಲಿಸಿದವರು ಯಾರು?

ಲಿಪಿಕಾರ:

ಕಾಫಿಹೂ ಅವರ ಕೊನೆಯ ಪ್ರಶ್ನೆ ಸರಿಯಾದ ಜಾಗಕ್ಕೆ ಬಿತ್ತು. ಜೋನ್ಸ್ ಮೊದಲಿಗರಲ್ಲ. ಅವರಿಗಿಂತ ಮೊದಲು ಬಂಗಾಳದ ಸೆರಾಂಪುರದ ಬ್ಯಾಪ್ಟಿಸ್ಟ್ ಮಿಷನರಿಗಳು ಖಾಸಿಯನ್ನು ಬಂಗಾಳಿ ಲಿಪಿಯಲ್ಲಿ ಬರೆದಿದ್ದರು. 1831ರಲ್ಲಿ ಬೈಬಲ್‌ನ ಹೊಸ ಒಡಂಬಡಿಕೆಯೇ ಆ ಲಿಪಿಯಲ್ಲಿ ಬಂದಿತ್ತು. ಅವರ ಪೈಕಿ ಅಲೆಕ್ಸಾಂಡರ್ ಲಿಶ್ ಎಂಬುವರು ಸೊಹ್ರಾದಲ್ಲಿ 1832ರಿಂದ ಶಾಲೆ ನಡೆಸಿ, 1838ರಲ್ಲಿ ಬಿಟ್ಟು ಹೋದರು. ಆ ಶಾಲೆಯಲ್ಲಿ ಇಂಗ್ಲಿಷ್ ಕಲಿತ ಹುಡುಗರು ಊರಲ್ಲೇ ಇದ್ದರು. ದುವಾನ್ ರಾಯ್, ಜುಂಗ್ಖಾ ಎಂಬ ಇಬ್ಬರು ಜೋನ್ಸ್‌ಗೆ ಖಾಸಿ ಕಲಿಸಿದರು. ಅವರಿಲ್ಲದಿದ್ದರೆ ಒಂದೇ ವರ್ಷದಲ್ಲಿ ಓದುಪುಸ್ತಕ ಬರುವುದು ಸಾಧ್ಯವೇ ಇರಲಿಲ್ಲ. ಜೋನ್ಸ್ ಹೆಸರಲ್ಲಿ ಜೊವಾಯ್‌ಯಲ್ಲಿ ಕಾಲೇಜ್ ಇದೆ. ಈ ಇಬ್ಬರನ್ನು ಯಾರು ಕೇಳುತ್ತಾರೆ?

ಈಗ ನನಗೆ ಇಷ್ಟದ ವಿಷಯ. ಖಾಸಿ ವರ್ಣಮಾಲೆ ನೋಡಿದ್ದೀರಾ? 23 ಅಕ್ಷರ. ಎ, ಬಿ ಆದ ಮೇಲೆ ಸಿ ಇಲ್ಲ, ನೇರ ಕೆ ಬರುತ್ತದೆ. ಆಮೇಲೆ ಡಿ. ಸಿ ಅಕ್ಷರದ ಕುರ್ಚಿಯಲ್ಲಿ ಕೆ ಕೂತಿದೆ! ಜಿ ಆದ ಮೇಲೆ ಎನ್‌ಜಿ ಎಂಬ ಜೋಡಿ ಒಂದೇ ಅಕ್ಷರವಾಗಿ ಬರುತ್ತದೆ, ನಮ್ಮ ಙ ಇದ್ದ ಹಾಗೆ. ವೆಲ್ಶ್ ವರ್ಣಮಾಲೆಯಲ್ಲೂ ಅದರ ಜಾಗ ಜಿ ಪಕ್ಕದಲ್ಲೇ. ವೈ ಅಕ್ಷರಕ್ಕೆ ಅಕಾರಕ್ಕೂ ಎಕಾರಕ್ಕೂ ನಡುವಿನ ಆ ಸಣ್ಣ ಸ್ವರ, ಅದೂ ವೆಲ್ಶ್ ರೂಢಿ. ಇಂಗ್ಲಿಷಿನವರು ಯಾರಾದರೂ ಈ ಕೆಲಸ ಮಾಡಿದ್ದರೆ ಕಾಗುಣಿತ ಎಕ್ಕುಟ್ಟಿ ಹೋಗುತ್ತಿತ್ತು. ಬರೆದ ಹಾಗೆ ಓದುವ ಭಾಷೆಯಿಂದ ಬಂದವರು ಮಾಡಿದರು, ಹಾಗಾಗಿ ಕೆಲಸ ನೆಟ್ಟಗಾಯಿತು.

ಇನ್ನು ನಮ್ಮ ತುಳುವಿಗೆ ಬನ್ನಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮುದ್ರಣ ಶುರು ಮಾಡಿದ್ದೂ 1841ರಲ್ಲಿ, ಜೋನ್ಸ್ ಸೊಹ್ರಾಕ್ಕೆ ಬಂದ ವರ್ಷವೇ. 1847ರಲ್ಲಿ ತುಳು ಹೊಸ ಒಡಂಬಡಿಕೆ ಬಂತು, ಕನ್ನಡ ಲಿಪಿಯಲ್ಲಿ. ತುಳುನಾಡಿನ ಹಳೆಯ ತಿಗಳಾರಿ ಲಿಪಿ ಓಲೆಗರಿಯಲ್ಲಿ ಮಂತ್ರ ಬರೆಯುವವರ ಕೈಯಲ್ಲಿ ಉಳಿಯಿತು. ಕನ್ನಡ ಲಿಪಿಯಲ್ಲಿ ತುಳು ಬರೆದರೆ 'ಬರ್ಪೆ' ಎಂದರೆ 'ನಾನು ಬರುತ್ತೇನೆ' ಎಂದೂ ಆಯಿತು, 'ಅವನು ಬರುತ್ತಾನೆ' ಎಂದೂ ಆಯಿತು. ಬಾಯಲ್ಲಿ ಎರಡು ಎಕಾರ ಬೇರೆ ಬೇರೆ, ಕಾಗದದಲ್ಲಿ ಒಂದೇ. ಇನ್ನೂ ಜಗಳ ಮುಗಿದಿಲ್ಲ. 2011ರ ಜನಗಣತಿಯಲ್ಲಿ ತುಳು 18 ಲಕ್ಷ, ಖಾಸಿ 14 ಲಕ್ಷ. ಎರಡೂ ಸಂವಿಧಾನದ 8ನೇ ಪರಿಚ್ಛೇದದ ಹೊರಗೆ. ಆದರೆ ಖಾಸಿ ಮೇಘಾಲಯದಲ್ಲಿ ಸಹ ಅಧಿಕೃತ ಭಾಷೆ. ಲಿಪಿ ಬಗ್ಗೆ ಅವರಿಗೆ ತಲೆನೋವಿಲ್ಲ.

ಪಡುಬಿದ್ರಿ ಬಸ್:

ಮಾರಾಯ್ರೇ, ಎಲ್ಲಿಂದ ಶುರುವಾದರೂ ನೀವು ತುಳು ಲಿಪಿಗೇ ಬಂದು ನಿಲ್ಲುತ್ತೀರಿ 😄

ಲಿಪಿಕಾರ:

ಬಸ್ಸು ಹೇಗೆ ಸುತ್ತಿದರೂ ಡಿಪೋಕ್ಕೇ ಬರಬೇಕಲ್ಲ.

ಶಿಲ್ಲಾಂಗ್ ಭಟ್ಟ:

ಕೇಂದ್ರ ಸರಕಾರದ ಕೆಲಸದಲ್ಲಿ ಆರು ವರ್ಷ ಶಿಲ್ಲಾಂಗ್‌ನಲ್ಲಿದ್ದೆ. ಲಿಪಿ ಮಾತು ಬಂದಿದ್ದಕ್ಕೆ ಖಾಸಿಗಳು ಹೇಳುವ ಒಂದು ಕಥೆ. ಹಿಂದೆ ಒಬ್ಬ ಖಾಸಿಯೂ ಒಬ್ಬ ಹೊರಗಿನವನೂ ದೇವರಿಂದ ಅಕ್ಷರ ಪಡೆದು ವಾಪಸ್ ಬರುತ್ತಿದ್ದರು. ದಾರಿಯಲ್ಲಿ ತುಂಬಿದ ಹೊಳೆ. ಹೊರಗಿನವನು ಪುಸ್ತಕವನ್ನು ಜುಟ್ಟಿಗೆ ಕಟ್ಟಿಕೊಂಡು ಈಜಿದ. ಖಾಸಿ ಹಲ್ಲಲ್ಲಿ ಕಚ್ಚಿಕೊಂಡ. ನಡುನೀರಿನಲ್ಲಿ ಉಸಿರು ಕಟ್ಟಿ ನುಂಗಿಬಿಟ್ಟ. ಹಾಗಾಗಿ ಅವರಿಗೆ ಬರಹ ಹೋಯಿತು, ಎಲ್ಲ ಹೊಟ್ಟೆಯಲ್ಲೇ, ಬಾಯಿಪಾಠವೇ. ನನ್ನ ಮನೆ ಮಾಲೀಕರು, ಎಂಬತ್ತು ದಾಟಿದ ಅಜ್ಜಿ, ಇದನ್ನು ಹೇಳಿ ಹೊಟ್ಟೆ ತಟ್ಟಿಕೊಂಡು ನಗುತ್ತಿದ್ದರು.

ಮತಾಂತರದ ಪ್ರಶ್ನೆ ಸುಳ್ಳಲ್ಲ. ಅಲ್ಲಿನವರೇ ಅದನ್ನು ಕೇಳಿದ್ದಾರೆ. 1899ರ ನವೆಂಬರ್ 23ಕ್ಕೆ 16 ಜನ ಖಾಸಿ ಯುವಕರು ಸೇರಿ 'ಸೆಂಗ್ ಖಾಸಿ' ಕಟ್ಟಿದರು, ತಮ್ಮ ಹಳೆಯ ಧರ್ಮ, ಕುಣಿತ, ಪದ್ಧತಿ ಉಳಿಸಿಕೊಳ್ಳಲು. ಅದಕ್ಕೆ ಮೂರು ವರ್ಷ ಮೊದಲು ಜೀಬನ್ ರಾಯ್ ಅವರು ಶಿಲ್ಲಾಂಗ್‌ನಲ್ಲಿ ಖಾಸಿಗಳದ್ದೇ ಮುದ್ರಣಾಲಯ ಹಾಕಿದ್ದರು. ಮಿಷನ್‌ಗೆ ಎದುರು ನಿಂತು ಇವರು ಅಚ್ಚು ಹಾಕಿದ್ದು ಯಾವ ಅಕ್ಷರದಲ್ಲಿ? ಜೋನ್ಸ್ ಹಾಕಿಕೊಟ್ಟ ಅದೇ ರೋಮನ್ ಅಕ್ಷರದಲ್ಲಿ. ಕೊಟ್ಟವನ ಉದ್ದೇಶ ಏನೇ ಇರಲಿ, ಕತ್ತಿ ಈಗ ಅವರ ಕೈಯಲ್ಲಿ.

ಖಾಸಿ ನಾಡಗೀತೆಯ ಧಾಟಿಯೂ ವೇಲ್ಸ್‌ನ ರಾಷ್ಟ್ರಗೀತೆಯದ್ದೇ. ವೇಲ್ಸ್‌ನಿಂದ ಬಂದ ಪ್ರವಾಸಿಗಳು ಅದನ್ನು ಕೇಳಿ ಎದ್ದು ನಿಂತು ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ.

ಕಾಫಿಹೂ:

ಕತ್ತಿ ಮಾತು ಒಪ್ಪಿದೆ. ಆದರೂ ಇವತ್ತು ಮೇಘಾಲಯದಲ್ಲಿ ಮುಕ್ಕಾಲು ಪಾಲು ಕ್ರಿಶ್ಚಿಯನ್ನರು. ಹೊಟ್ಟೆಯಲ್ಲಿದ್ದ ಕಥೆಗಳಲ್ಲಿ ಎಷ್ಟು ಉಳಿಯಿತು, ಎಷ್ಟು ಹೋಯಿತು ಎನ್ನುವ ಲೆಕ್ಕ ಯಾರ ಹತ್ತಿರವೂ ಇಲ್ಲ.

ಬಲ್ಮಠದ ಹುಡುಗಿ:

ಹೋಗಿದ್ದೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜೋನ್ಸ್ ಅವರ ಕಾಲದಲ್ಲಿ ಇಡೀ ಗುಡ್ಡ ಮತಾಂತರ ಆಗಿಬಿಟ್ಟಿತು ಎಂದುಕೊಳ್ಳಬೇಡಿ. ಮೊದಲು ದೀಕ್ಷಾಸ್ನಾನ ತೆಗೆದುಕೊಂಡವರು ಅಮೋರ್, ರುಜೋನ್ ಎಂಬ ಇಬ್ಬರು, ಅದೂ 1846ರಲ್ಲಿ. ಐದು ವರ್ಷ ದುಡಿದು ಇಬ್ಬರು! ಮಿಷನ್‌ನ ಲೆಕ್ಕಪುಸ್ತಕದ ಕಣ್ಣಿಗೆ ಅದು ಸೋಲು. ಮುಂದಿನ ವರ್ಷವೇ ಅವರನ್ನು ತೆಗೆದುಹಾಕಿದರು. ಇದೇ ಕಾರಣ ಎಂದು ಹೇಳುತ್ತಿಲ್ಲ. ಆದರೆ ಬೇಕಾದಷ್ಟು ಜನರನ್ನು ಸೇರಿಸಿದ್ದರೆ ಹೊಲ, ವ್ಯಾಪಾರದ ಗಲಾಟೆಯನ್ನು ಲಿವರ್‌ಪೂಲ್‌ನ ಕಮಿಟಿ ಇಷ್ಟು ಬೇಗ ದೊಡ್ಡದು ಮಾಡುತ್ತಿತ್ತಾ ಎಂದು ನನಗೆ ಅನುಮಾನ.

ಸಭೆಯ ರಾಜಕೀಯ ನಾನು ನೋಡಿದ್ದೇನೆ. ನಮ್ಮ ಬಂಧುವೊಬ್ಬರು ಪಾಸ್ಟರ್ ಆಗಿದ್ದರು, ಊರು ಬೇಡ. ಬೀಡಿ ಕಟ್ಟುವ ಹೆಂಗಸರ ಮಜೂರಿ ಬಾಕಿ ವಿಷಯದಲ್ಲಿ ಅವರ ಜೊತೆ ಹೋಗಿ ಮಾತಾಡಿದರು. ಮುಂದಿನ ತಿಂಗಳ ಸಭೆಯಲ್ಲಿ ಹಿರಿಯರಿಂದ ಒಂದೇ ಪ್ರಶ್ನೆ: "ಅಯ್ಯನವರೇ, ಇದು ನಿಮ್ಮ ಕೆಲಸವಾ?" ಎರಡು ವರ್ಷದಲ್ಲಿ ವರ್ಗ ಆಯಿತು. ಅಮ್ಮ ಅವರಿಗೆ ಕೊಟ್ಟಿದ್ದ ಹಲಸಿನ ಹಪ್ಪಳದ ಡಬ್ಬಿ ಕೂಡ ವಾಪಸ್ ತೆಗೆದುಕೊಳ್ಳುವಷ್ಟು ಸಮಯ ಇರಲಿಲ್ಲ. ಪ್ರೆಸ್ಬಿಟೇರಿಯನ್ ಕ್ರಮದಲ್ಲಿ ಪಾಸ್ಟರ್ ಯಜಮಾನ ಅಲ್ಲ ಎಂದು ಮೇಲೆ ಹೆಮ್ಮೆಯಿಂದ ಬರೆದೆನಲ್ಲ, ಅದರ ಇನ್ನೊಂದು ಮುಖ ಇದು.

ಅದಕ್ಕೇ ಗೊರಬೆ ಸರ್ ಹೇಳಿದ್ದು ನನಗೆ ಅರ್ಧ ಸರಿ, ಅರ್ಧ ತಪ್ಪು ಅನಿಸುತ್ತದೆ. ಕೊನೆಯ ಎರಡು ವರ್ಷ ದೊಡ್ಡದು, ಒಪ್ಪಿದೆ. ಆದರೆ ಆ ಜಗಳಕ್ಕೆ ನಿಲ್ಲಲು ಧೈರ್ಯ ಎಲ್ಲಿಂದ ಬಂತು? ಮೊದಲ ಆರು ವರ್ಷ ಅವರ ಭಾಷೆ ಕಲಿತಿದ್ದರಿಂದ. ಸುಣ್ಣದ ಗೂಡಿನ ಹತ್ತಿರ ಕೂತು ಅವರು ತಮ್ಮ ತಮ್ಮಲ್ಲೇ ಏನು ಮಾತಾಡಿಕೊಳ್ಳುತ್ತಾರೆ ಎನ್ನುವುದು ಅರ್ಥವಾಗದೆ ಇಂಗ್ಲಿಸ್ ಮೇಲೆ ದೂರು ಬರೆಯಲು ಆಗುತ್ತಿತ್ತಾ?

ಗೊರಬೆ:

ಇದು ನನಗೆ ಹೊಳೆದಿರಲಿಲ್ಲ. ಸುಣ್ಣ ಎಂದ ಕೂಡಲೇ ಇನ್ನೊಂದು ನೆನಪಾಯಿತು. ಅವರು ಎಲೆಗೆ ಹಚ್ಚುವ ಸುಣ್ಣಕ್ಕೆ 'ಶುನ್' ಎನ್ನುತ್ತಾರೆ. ಆ ಶುನ್ ನನಗೆ ಅಲ್ಲಿ ಬರೀ ಬಾಯಿ ಕೆಂಪು ಮಾಡುವ ವಸ್ತುವಾಗಿತ್ತು. ಆ ಕಾಲದಲ್ಲಿ ಅದೇ ಗುಡ್ಡದ ದೊಡ್ಡ ಹಣ. ಸಿಲ್ಹೆಟ್ ಕಡೆಯಿಂದ ದೋಣಿಯಲ್ಲಿ ಬಂಗಾಳಕ್ಕೆ ಹೋಗುತ್ತಿತ್ತು. ಸುಣ್ಣ ಸುಡುವ ಕೆಲಸ ಸಲೀಸು ಮಾಡಿಕೊಟ್ಟ ಪಾಸ್ಟರ್, ಸುಣ್ಣ ಕೊಳ್ಳುವ ವ್ಯಾಪಾರಿಗೆ ಎದುರು ಬಿದ್ದರು. ಎರಡನ್ನೂ ನಾನು ಬೇರೆ ಬೇರೆ ಕಥೆ ಎಂದು ಓದಿದ್ದೆ.

ನಮ್ಮ ಕಡೆ ಅಡಿಕೆ ಬೆಳೆದವರಿಗೆ ಗೊತ್ತು. ದರ ಹೇಳುವವನು ಯಾವಾಗಲೂ ತೋಟದ ಹೊರಗಿರುತ್ತಾನೆ.

ಕಾಫಿಹೂ:

ಕಾಫಿಗೂ ಅದೇ. ಈ ವಿಷಯದಲ್ಲಿ ಜೋನ್ಸ್ ನಮ್ಮವರು, ಒಪ್ಪಿದೆ. ಆದರೆ ಆ ಹದಿಹರೆಯದ ಹುಡುಗಿಯ ಮದುವೆಯನ್ನು ಯಾರೂ ಮುಟ್ಟಲಿಲ್ಲ. ಆ ಕಾಲದಲ್ಲಿ ನಡೆಯುತ್ತಿತ್ತು ಎಂದು ಬಿಟ್ಟುಬಿಡುವುದಾ?

ಬಲ್ಮಠದ ಹುಡುಗಿ:

ಬಿಡಬಾರದು. ಆ ಕಾಲದವರೇ ಬಿಡಲಿಲ್ಲವಲ್ಲ. ಎಮ್ಮಾ ಎಂದು ಅವಳ ಹೆಸರು. ಮೂರು ವರ್ಷ ತುಂಬುವ ಮೊದಲೇ ವಿಧವೆ. ಅವಳ ಬಗ್ಗೆ ಬರೆಯುವವರು ಕಮ್ಮಿ.

ಪಡುಬಿದ್ರಿ ಬಸ್:

ಇವರ ನಂತರ ಮಿಷನ್ ಏನಾಯಿತು? ಸಂಪೂರ್ಣ ನಿಂತು ಹೋಯಿತಾ?

ಶಿಲ್ಲಾಂಗ್ ಭಟ್ಟ:

ಇಲ್ಲ, ಆಮೇಲೇ ಬೆಳೆದದ್ದು. ವಿಲಿಯಂ ಲೂಯಿಸ್ ಹೊಸ ಒಡಂಬಡಿಕೆಯ ಅನುವಾದ ಮುಂದುವರಿಸಿದರು. ಜಾನ್ ರಾಬರ್ಟ್ಸ್ ಕಾಲದಲ್ಲಿ, 1891ರಲ್ಲಿ, ಇಡೀ ಬೈಬಲ್ ಖಾಸಿಯಲ್ಲಿ ಬಂತು. 1897ರ ಜೂನ್ 12ರ ಭೂಕಂಪದಲ್ಲಿ ಸೊಹ್ರಾದಿಂದ ಶಿಲ್ಲಾಂಗ್‌ವರೆಗೆ ಎಲ್ಲ ನೆಲಸಮ. ಮತ್ತೆ ಕಟ್ಟಿದರು. 1922ರಲ್ಲಿ ಶಿಲ್ಲಾಂಗ್‌ನಲ್ಲಿ ಆಸ್ಪತ್ರೆ ತೆರೆದರು, ನನ್ನ ಮಗಳು ಹುಟ್ಟಿದ್ದು ಅಲ್ಲೇ. ಮಿಷನರಿಗಳು 1969ರಲ್ಲಿ ಹೊರಟರು. ಈಗ ಎಲ್ಲ ಅಲ್ಲಿನವರದ್ದೇ. ಭಾನುವಾರ ಬೆಳಗ್ಗೆ ಶಿಲ್ಲಾಂಗ್‌ನಲ್ಲಿ ಹಾಲಿನ ಪ್ಯಾಕೆಟ್ಟೂ ಸಿಗುವುದು ಕಷ್ಟ, ಅಂಗಡಿಯವರೆಲ್ಲ ಚರ್ಚಿನಲ್ಲಿ. 2018ರಲ್ಲಿ ರಾಜ್ಯ ಸರಕಾರ ಜೂನ್ 22ನ್ನು ಥಾಮಸ್ ಜೋನ್ಸ್ ದಿನ ಎಂದು ಆಚರಿಸಲು ಘೋಷಿಸಿತು. ತೆಗೆದುಹಾಕಿದ ಮಿಷನ್‌ನ ಕಮಿಟಿಯವರ ಹೆಸರು ಯಾರಿಗಾದರೂ ಗೊತ್ತಾ?

ಗೊರಬೆ:

ಭಟ್ಟರೇ, ಸಮಾಧಿ ಕಲ್ಕತ್ತೆಯಲ್ಲಿ ಎಂದು ಓದಿದೆ. ನೀವು ನೋಡಿದ್ದೀರಾ? ಡಿಸೆಂಬರ್‌ನಲ್ಲಿ ಆ ಕಡೆ ಒಂದು ಮದುವೆಗೆ ಹೋಗುವುದಿದೆ.

ಶಿಲ್ಲಾಂಗ್ ಭಟ್ಟ:

ನೋಡಿದ್ದೇನೆ. ಕರಾಯಾ ರಸ್ತೆಯ ಸ್ಕಾಟಿಷ್ ಸ್ಮಶಾನ. ನಾನು ಹೋದಾಗ ಗಿಡಗಂಟಿ ಮೊಣಕಾಲಿನವರೆಗೆ. ಉದ್ದ ಪ್ಯಾಂಟ್ ಹಾಕಿಕೊಂಡು ಹೋಗಿ, ಸೊಳ್ಳೆ ವಿಪರೀತ. ಕಲ್ಲಿನ ಮೇಲೆ ಖಾಸಿ ವರ್ಣಮಾಲೆಯ, ಸಾಹಿತ್ಯದ ಮೂಲಪುರುಷ ಎಂಬ ಅರ್ಥದ ಸಾಲಿದೆ. ಇಂಗ್ಲಿಸ್ ಜೊತೆಗಿನ ಜಗಳದ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ.

ಗೇಟಿನಲ್ಲಿ ಕಾವಲುಗಾರನಿಗೆ ಥಾಮಸ್ ಜೋನ್ಸ್ ಎಂದೆ. ಅವನಿಗೆ ಗೊತ್ತಾಗಲಿಲ್ಲ. ಅಲ್ಲಿ ಎಷ್ಟು ಜನ ಥಾಮಸ್‌ಗಳೋ. ಪಾದ್ರಿ ಎಂದೆ, ತಲೆ ಅಲ್ಲಾಡಿಸಿದ. ಕೊನೆಗೆ ಅವನೇ ಕೇಳಿದ, "ಗುಡ್ಡದವರು ಬಂದು ಹೂವಿಟ್ಟು ಹಾಡಿ ಹೋಗುತ್ತಾರಲ್ಲ, ಆ ಸಾಹೇಬರಾ?" ಹೌದೆಂದೆ. ಕೋಲು ಹಿಡಿದು ಮುಂದೆ ನಡೆದ.